ಬ್ಯಾಲೆನ್ಸ್ ಡೈರಿ: ಕಾಫಿ ಕೊಯ್ಲಿನಿಂದ ಮಳೆಗಾಲದವರೆಗೆ

ಡಿಸೆಂಬರ್, ಕೊಯ್ಲಿನ ಹೊತ್ತು

ಮೂಡಿಗೆರೆ ಕಡೆ ನಮ್ಮ ತೋಟದಲ್ಲಿ ಅರೇಬಿಕಾ ಹಣ್ಣು ಕೊಯ್ಯುವ ಹೊತ್ತಿಗೇ ನನ್ನ ಎಡಗಿವಿ ಕೈಕೊಟ್ಟಿತು. ಕೇಳಿಸುವುದಕ್ಕೇನೂ ತೊಂದರೆ ಇಲ್ಲ. ಬೆಳಿಗ್ಗೆ ಎದ್ದರೆ ಮನೆಯೇ ಗಿರಗಿರ ತಿರುಗುತ್ತಿದೆ, ವಾಂತಿ ನಿಲ್ಲುತ್ತಿಲ್ಲ. ಅತ್ತೆ "ಪಿತ್ತ ನೆತ್ತಿಗೇರಿದೆ" ಎಂದು ಜೀರಿಗೆ ಕಷಾಯ ಕೊಟ್ಟರು. ಪಕ್ಕದ ತೋಟದವರು ಸ್ಪಾಂಡಿಲೈಟಿಸ್ ಅಂದರು. ಚಿಕ್ಕಮಗಳೂರಿನ ಡಾಕ್ಟರು ನನ್ನ ಕಣ್ಣುಗುಡ್ಡೆ ತಾನಾಗೇ ಒಂದು ಕಡೆಗೆ ಎಳೆಯುವುದನ್ನು ನೋಡಿ, ಒಳಕಿವಿಯಿಂದ ಮೆದುಳಿಗೆ ಹೋಗುವ ಬ್ಯಾಲೆನ್ಸ್ ನರ ಊದಿಕೊಂಡಿದೆ ಎಂದರು. ವೆಸ್ಟಿಬ್ಯುಲರ್ ನ್ಯೂರೈಟಿಸ್. ಹೆಚ್ಚಾಗಿ ವೈರಸ್ಸಿನಿಂದ ಬರುತ್ತದಂತೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ಮುಖ ಸೊಟ್ಟಗಾದರೆ ಕಷಾಯ ಕುದಿಸುತ್ತಾ ಕೂರಬೇಡಿ. ಅದು ಸ್ಟ್ರೋಕ್ ಇರಬಹುದು. ಸೀದಾ ದೊಡ್ಡಾಸ್ಪತ್ರೆಗೆ ಹೋಗಿ.

ಸುತ್ತು ತಡೆಯುವ ಮಾತ್ರೆ ಮೊದಲ ಎರಡು ಮೂರು ದಿನಕ್ಕೆ ಮಾತ್ರ ಕೊಟ್ಟರು. ಜಾಸ್ತಿ ದಿನ ನುಂಗಿದರೆ ಮೆದುಳು ಸುಧಾರಿಸಿಕೊಳ್ಳುವುದೇ ತಡವಾಗುತ್ತದಂತೆ.

ನಮ್ಮವರು ಮೊಬೈಲ್ ಹಿಡಿದು ಬಂದರು. "ಹೀಗೆ ತಲೆ ಹೊರಳಿಸಿದ್ರೆ ಐದು ನಿಮಿಷಕ್ಕೆ ವಾಸಿಯಂತೆ ಕಣೇ." ಅದು ಎಪ್ಲಿ ವಿಧಾನ, ಬೇರೆ ಕಾಯಿಲೆಗೆ. ಒಳಕಿವಿಯಲ್ಲಿ ಸುಣ್ಣದಂಥ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಪಕ್ಕದ ಬಾಗಿದ ಕೊಳವೆಯೊಳಗೆ ಜಾರಿದರೆ, ಮಗ್ಗುಲಾದಾಗೆಲ್ಲ ಸ್ವಲ್ಪ ಹೊತ್ತು ಜೋರಾಗಿ ಸುತ್ತುತ್ತದೆ. ಅದನ್ನು ಪತ್ತೆ ಹಚ್ಚುವ ಪರೀಕ್ಷೆಯನ್ನು 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ಇಬ್ಬರು ವಿವರಿಸಿದರು. ಹರಳನ್ನು ವಾಪಸ್ ತರುವ ಉಪಾಯ ಅಮೆರಿಕದ ಡಾಕ್ಟರ್ ಜಾನ್ ಎಪ್ಲಿಯದು. ನನ್ನ ಹರಳು ಇದ್ದಲ್ಲೇ ಇವೆ, ಸೋತದ್ದು ನರ. ಇದಕ್ಕೆ ಐದು ನಿಮಿಷದ ದಾರಿ ಇಲ್ಲ.

ಜನವರಿ

ಫಿಸಿಯೋಥೆರಪಿ ಹುಡುಗಿ ನನ್ನ ಮಗಳ ವಯಸ್ಸಿನವಳು. "ಆಂಟಿ, ಮಲಗಿದ್ರೆ ಇದು ಹೋಗಲ್ಲ. ತಲೆ ಸುತ್ತೋ ಕೆಲಸವನ್ನೇ ದಿನಾ ಸ್ವಲ್ಪ ಸ್ವಲ್ಪ ಮಾಡ್ಬೇಕು" ಅಂದಳು. ಕೇಳಿದರೆ ತಮಾಷೆ ಅನಿಸುತ್ತದೆ ಅಲ್ವಾ? ಆದರೆ ಇದು ಹಳೆಯ ವಿದ್ಯೆಯೇ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಾಥೋರ್ನ್ ಮತ್ತು ಕುಕ್ಸಿ ಎಂಬುವರು ತಲೆಗೆ ಪೆಟ್ಟಾದ, ಕಿವಿ ಕೆಟ್ಟ ರೋಗಿಗಳಿಗೆ ಕಣ್ಣು, ತಲೆ, ಮೈ ಆಡಿಸುವ ವ್ಯಾಯಾಮ ಕಟ್ಟಿಕೊಟ್ಟರು. ಹಾಸಿಗೆ ಬಿಟ್ಟು ಬೇಗ ಓಡಾಡಿದವರೇ ಬೇಗ ಚೇತರಿಸಿಕೊಂಡಿದ್ದರು.

ನಿಲ್ಲುವುದಕ್ಕೆ ಮೆದುಳು ಮೂರು ಕಡೆಯಿಂದ ಸುದ್ದಿ ತರಿಸಿಕೊಳ್ಳುತ್ತದೆ: ಕಣ್ಣು, ಒಳಕಿವಿ, ಪಾದ-ಕೀಲುಗಳು. ಒಂದನ್ನು ಮುಚ್ಚಿದರೆ ಉಳಿದವು ಎಷ್ಟು ಗಟ್ಟಿ ಅಂತ ಗೊತ್ತಾಗುತ್ತದೆ. ಪಾದ ಜೋಡಿಸಿ ಕಣ್ಣು ಮುಚ್ಚಿ ನೆಲದ ಮೇಲೆ ನಿಲ್ಲಿಸಿದಳು. ನಿಂತೆ. ಮೆತ್ತನೆ ಫೋಮಿನ ಮೇಲೆ ಹಾಗೇ ನಿಲ್ಲಿಸಿದಳು. ಎಡಕ್ಕೆ ವಾಲಿ ಅವಳ ಭುಜ ಹಿಡಿದುಕೊಂಡೆ. ಫೋಮಿನ ಮೇಲೆ ಪಾದದ ಸುದ್ದಿ ಅಡ್ಡಾದಿಡ್ಡಿ, ಕಣ್ಣಂತೂ ಮುಚ್ಚಿದೆ, ಉಳಿದದ್ದು ಸೋತ ಕಿವಿ ಒಂದೇ.

ಶುಗರ್ ತೋರಿಸಲೆಂದು ಅತ್ತೆಯೂ ಜೊತೆಗೆ ಬಂದಿದ್ದರು. "ಅಜ್ಜಿ, ನೀವೂ ನಿಂತ್ಕೊಳ್ಳಿ" ಅಂದಳು ಹುಡುಗಿ, ಸುಮ್ನೆ. ಅತ್ತೆ ಬರೀ ನೆಲದ ಮೇಲೇ, ಕಣ್ಣು ಮುಚ್ಚಿದ ಕೂಡಲೇ ಜೋಲಿ ಹೊಡೆದರು. ಅವರನ್ನು ಕೂರಿಸಿ, 128 ಹರ್ಟ್ಸಿನ ಟ್ಯೂನಿಂಗ್ ಫೋರ್ಕ್ ಮಿಡಿದು ಕಾಲಿನ ಹೆಬ್ಬೆರಳ ಗೆಣ್ಣಿಗೆ ಇಟ್ಟಳು. ಅದು ನಡುಗುವುದು ನಮ್ಮ ಕಣ್ಣಿಗೇ ಕಾಣುತ್ತಿತ್ತು. ಅತ್ತೆ ಚಾವಣಿ ನೋಡುತ್ತಾ "ಇಟ್ಯಾ? ಇನ್ನೂ ಇಟ್ಟಿಲ್ವಾ?" ಎಂದು ಕೇಳುತ್ತಿದ್ದಾರೆ. 10 ಗ್ರಾಂ ಒತ್ತುವ ನೈಲಾನ್ ಎಳೆಯೂ ಅಂಗಾಲಿನ ಎಷ್ಟೋ ಕಡೆ ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆ ಪಾದದ ನರ ತಿಂದುಹಾಕಿದೆ. ಮುಖಕ್ಕೆ ಸೋಪು ಹಚ್ಚುವಾಗ ಅವರು ಯಾಕೆ ಯಾವಾಗಲೂ ಒಂದು ಕೈಯಲ್ಲಿ ತೊಟ್ಟಿಯ ಅಂಚು ಹಿಡಿದಿರುತ್ತಾರೆ ಎಂಬುದು ಅವತ್ತು ತಿಳಿಯಿತು.

ಒಂದೇ ಮನೆ, ಇಬ್ಬರಿಗೂ ತೂರಾಟ, ಪಾಠ ಮಾತ್ರ ಉಲ್ಟಾ. ನಾನು ಕಣ್ಣನ್ನು ಅತಿಯಾಗಿ ನೆಚ್ಚುವುದು ಬಿಡಬೇಕು. ಅತ್ತೆ ಕಣ್ಣನ್ನೇ ನೆಚ್ಚಬೇಕು, ಬೆಳಕಿಲ್ಲದೆ ಒಂದು ಹೆಜ್ಜೆಯೂ ಇಡಬಾರದು.

ಫೆಬ್ರವರಿ

ನನ್ನ ಮುಖ್ಯ ವ್ಯಾಯಾಮ ಇದು. ಹಳೆ ಕ್ಯಾಲೆಂಡರಿನ ಹಿಂಬದಿಗೆ ಒಂದು 'ಅ' ಬರೆದು ಗೋಡೆಗೆ ಅಂಟಿಸಿದ್ದೇನೆ. ಒಂದು ಮೀಟರ್ ದೂರದಲ್ಲಿ ನಿಂತು, ಕಣ್ಣು ಅದರ ಮೇಲೇ ಇಟ್ಟು, ಬೇಡ ಬೇಡ ಅನ್ನುವ ಹಾಗೆ ತಲೆ ಆಡಿಸಬೇಕು. ಒಂದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ತಲೆ ಒಂದು ಕಡೆ ತಿರುಗಿದರೆ ಕಣ್ಣು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಇನ್ನೊಂದು ಕಡೆ ತಿರುಗಿ ಚಿತ್ರವನ್ನು ನಿಲ್ಲಿಸುತ್ತದೆ. ಆ ಕೆಲಸ ಒಳಕಿವಿಯದು. ನನ್ನದು ಎಡಕ್ಕೆ ತಿರುಗಿದಾಗೆಲ್ಲ ಹಿಂದೆ ಬೀಳುತ್ತಿತ್ತು, 'ಅ' ಅಲುಗಿ ಮಸುಕಾಗುತ್ತಿತ್ತು. ಅಲುಗಾಡುವ ಆ ತಪ್ಪನ್ನು ನೋಡಿ ನೋಡಿಯೇ ಮೆದುಳು ತಿದ್ದಿಕೊಳ್ಳುತ್ತದೆ. ಅದಕ್ಕೇ ಅಕ್ಷರ ಓದಲಾಗುವಷ್ಟು ವೇಗದಲ್ಲೇ ಆಡಿಸಬೇಕು, ಜಾಸ್ತಿಯೂ ಬೇಡ ಕಡಿಮೆಯೂ ಬೇಡ.

ಎಷ್ಟು ಮಾಡಬೇಕು ಅನ್ನುವುದಕ್ಕೆ ಹುಡುಗಿ ಒಂದು ಅಳತೆ ಕೊಟ್ಟಳು. ತಲೆಸುತ್ತಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ವ್ಯಾಯಾಮದಿಂದ ಎರಡು ಮೂರು ಅಂಕ ಏರಲಿ, ಇಪ್ಪತ್ತು ನಿಮಿಷದೊಳಗೆ ಇಳಿಯಲಿ. ಇಳಿಯದಿದ್ದರೆ ಮಾಡಿದ್ದು ಹೆಚ್ಚಾಯಿತು. ಏರದೇ ಇದ್ದರೆ ಮಾಡಿದ್ದು ಸಾಲದು.

ಅಕ್ಷರ ನಿಂತ ಮೇಲೆ ಅದರ ಹಿಂದೆ ಅತ್ತೆಯ ಚೌಕಳಿ ಸೀರೆ ನೇತುಹಾಕಿದೆವು. ಮತ್ತೆ ಶುರು! ಚೌಕಳಿ ಎಲ್ಲ ಹರಿಯತೊಡಗಿತು, ಅಂಕ ಆರಕ್ಕೆ ಏರಿತು. ಆಗಲೇ ನನಗೆ ಕಣದ ಸಂಗತಿ ಅರ್ಥವಾದದ್ದು. ಕಣದಲ್ಲಿ ಕಾಫಿ ಕೆದಕಿದಾಗ ಗೀರು ಗೀರಾಗಿ ಸಾಲು ಬೀಳುತ್ತದಲ್ಲ, ಅದರ ಪಕ್ಕ ನಡೆದರೆ ನೆಲವೇ ಸರಿದಂತಾಗಿ ಹೊಟ್ಟೆ ತೊಳಸುತ್ತಿತ್ತು. ಕಣ್ಣನ್ನೇ ನೆಚ್ಚಿದವಳಿಗೆ ಪಟ್ಟೆ, ಚೌಕಳಿ, ಜನಜಂಗುಳಿ ಎಲ್ಲ ಶತ್ರು. ಈಗ ದಿನಾ ಸಂಜೆ ಬೇಕಂತಲೇ ಆ ಸಾಲುಗಳ ಪಕ್ಕ ನಡೆಯುತ್ತೇನೆ. ಕೆಲಸದ ಹೆಂಗಸರು "ಅಕ್ಕ ಕಣ ಕಾಯ್ತಾರೆ" ಎಂದು ನಗುತ್ತಾರೆ.

ಹೇರಳೆಕಾಯಿಯೂ ನನ್ನ ಸಾಮಾನಿನಲ್ಲಿ ಸೇರಿದೆ. ಕಣ್ಣಿಗಿಂತ ಮೇಲಕ್ಕೆ ಎಸೆದು ಈ ಕೈಯಿಂದ ಆ ಕೈಗೆ ಹಿಡಿಯುವುದು. ಚೆಂಡು ಎಸೆಯುವುದು ಕಾಥೋರ್ನ್-ಕುಕ್ಸಿ ಪಟ್ಟಿಯಲ್ಲೇ ಇದೆ, ಹೇರಳೆ ನಮ್ಮನೆಯದು.

ಮೆಣಸು ಕೊಯ್ಯುವ ಏಣಿ ಹತ್ತುವುದಂತೂ ಪೂರ್ತಿ ಬಂದ್.

ಏಪ್ರಿಲ್, ಹೂಮಳೆ ಆದ ಮೇಲೆ

ಮನೆಯ ಮೂಲೆಯಲ್ಲಿ, ಮುಂದೆ ಕುರ್ಚಿ ಇಟ್ಟುಕೊಂಡು, ಮಡಚಿದ ಹಾಸಿಗೆ ಮೇಲೆ ಕಣ್ಣು ಮುಚ್ಚಿ 30 ಸೆಕೆಂಡು ನಿಲ್ಲುತ್ತೇನೆ. ಬಿದ್ದರೆ ಗೋಡೆಗೇ ಬೀಳಬೇಕು, ಹಾಗಾಗಿ ಮೂಲೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುವುದನ್ನು ಹಜಾರದಿಂದ ಗದ್ದೆ ಅಂಚಿಗೆ ಬಡ್ತಿ ಮಾಡಿದೆ. ಒಣ ಅಂಚು, ಎರಡೂ ಪಕ್ಕ ಕೊಯ್ದ ಗದ್ದೆ, ಬಿದ್ದರೂ ಮೊಣಕಾಲುದ್ದ. ನಡೆಯುತ್ತಾ ಎಡಕ್ಕೂ ಬಲಕ್ಕೂ ನೋಡುವುದೇ ಕಷ್ಟ. ಎಡಕ್ಕೆ ನೋಡಿದರೆ ಈಗಲೂ ಹೆಜ್ಜೆ ಎಡಕ್ಕೇ ಸರಿಯುತ್ತದೆ.

ಬಸ್ಸಿನಲ್ಲಿ ಆಲ್ದೂರು ಕಡೆ ತಿರುವುಗಳಲ್ಲಿ ಅಂಕ ನಾಲ್ಕು ದಾಟಲಿಲ್ಲ. ಮೊದಲು ಕಣ್ಣು ಮುಚ್ಚಿ ಸೀಟಿನ ಕಂಬಿ ಹಿಡಿದು ಕೂರುತ್ತಿದ್ದೆ.

ಅತ್ತೆಯ ಪಾಲಿನದು: ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು. ಅವರಿಗೆ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಜಾಸ್ತಿ ಎಂದು ಲೆಕ್ಕ. ಜನವರಿಯಲ್ಲಿ 21, ಈಗ 16. ಪಾದದ ನರ ವಾಪಸ್ ಬಂದಿಲ್ಲ, ಬರುವುದೂ ಕಷ್ಟ. ತೊಡೆಯ ಬಲ ಬಂದಿದೆ. ತಿರುಗುವಾಗ ಒಂದೇ ಸಲಕ್ಕೆ ಹೊರಳದೆ ಸಣ್ಣ ಹೆಜ್ಜೆಯಲ್ಲಿ ಸುತ್ತುವುದು ಕಲಿತಿದ್ದಾರೆ. ನಮ್ಮವರು ಗಡಿಯಾರ ಹಿಡಿದು ನಿಂತರೆ ಅತ್ತೆಗೆ ಹುರುಪು. "ಹೋದ್ಸಲಕ್ಕಿಂತ ಕಮ್ಮಿ ಬಂತೇನೋ?"

ಜೂನ್

ಮಳೆ ಹಿಡಿದಿದೆ, ಕರೆಂಟು ಹೋದರೆ ಯಾವಾಗ ಬರುತ್ತದೋ. ನನಗೆ ಕತ್ತಲೆ ಈಗ ಅಷ್ಟು ತೊಂದರೆಯಿಲ್ಲ. ಅತ್ತೆಗೆ ಕತ್ತಲೆ ಅಂದರೆ ಕಾಲೇ ಇಲ್ಲದ ಹಾಗೆ. ಬಚ್ಚಲ ದಾರಿಗೆ ಚಾರ್ಜ್ ಆಗುವ ದೀಪ ಹಾಕಿಸಿದೆವು, ದಿಂಬಿನ ಪಕ್ಕ ಟಾರ್ಚು. ಏಳುವ ಮೊದಲು ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಬೇಕು ಎಂಬುದು ಕಾನೂನು. ಕಾಲೊರಸುವ ಬಟ್ಟೆಗಳನ್ನೆಲ್ಲ ಎತ್ತಿಟ್ಟೆ. ಒಳಗೆ ಚಪ್ಪಲಿ ಹಾಕಲು ಮಾತ್ರ ಒಪ್ಪುತ್ತಿಲ್ಲ. ದೇವರ ಮನೆಗೆ ಬಿಚ್ಚಿ, ಉಳಿದ ಕಡೆ ಹಾಕಿ ಎಂಬ ರಾಜಿ ಮಾತುಕತೆ ನಡೆದಿದೆ.

ಹಳ್ಳದಾಚೆ ತೋಟಕ್ಕೆ ಹೋಗಲು ಅಡಿಕೆ ಮರದ ಸಂಕ ದಾಟಬೇಕು. ನಾನು ಕೇಳಿದೆ. "ಆಂಟಿ, ಪಾಚಿ ಕಟ್ಟಿದ ಮರದ ಮೇಲೆ ನಾನೂ ನಡೆಯಲ್ಲ" ಅಂದಳು ಹುಡುಗಿ. ದೀಪಾವಳಿಯವರೆಗೆ ಸುತ್ತಿನ ದಾರಿಯೇ ಗತಿ. ಮಳೆ ನಿಂತ ಮೇಲೆ ಎರಡೂ ಕಡೆ ಬಿದಿರಿನ ಕೈಹಿಡಿ ಕಟ್ಟಿಸುತ್ತೇವೆ. ಈ ತಿಂಗಳ ಹೊಸ ಪಾಠ: ಎಡಕ್ಕೆ ಹೊರಳಿ ಹಿಂದೆ ನೋಡುತ್ತಾ ನಡೆಯುವುದು, ಹಜಾರದಲ್ಲಿ ಮಾತ್ರ.