ನೀರಿಗೂ ಆಗದು, ಸ್ಪಿರಿಟ್‌ಗೂ ಆಗದು: ಡಾಕ್ಟರುಗಳ ಪತ್ರದ ಕಟ್ಟು, ಮುಂದುವರಿದುದು

ಹರಿದ ಹಳೆಯ ಪತ್ರಕ್ಕೆ ಹಿಂಬದಿಯಿಂದ ಅಂಟಿಸಿದ ತೆಳು ಕಾಗದದ ಪಟ್ಟಿ ಕೊನೆಗೂ ಕೂತಿತು. ನೀಲಿ ಶಾಯಿ ಹರಡಲಿಲ್ಲ, ಕೆಂಪು ಬಾಲ್‌ಪೆನ್ನು ಕರಗಲಿಲ್ಲ, ಕಾಗದ ಸುರುಟಿಕೊಳ್ಳಲಿಲ್ಲ. ಅದೂ ಆಟಿ ತಿಂಗಳಲ್ಲಿ, ಮಂಗಳೂರಿನ ಗಾಳಿಯನ್ನು ಹಿಂಡಿದರೆ ನೀರು ಬರುವ ಕಾಲದಲ್ಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಉಡುಪಿಯ ಒಬ್ಬ ಹಿರಿಯ ವೈದ್ಯರು ಮಂಗಳೂರಿನ ತಮ್ಮ ವೈದ್ಯಮಿತ್ರರಿಗೆ ವರ್ಷಗಟ್ಟಲೆ ಬರೆದ ಇನ್‌ಲ್ಯಾಂಡ್ ಪತ್ರಗಳಿವು. ರೋಗಿಗಳ ಸುದ್ದಿ ಅಪರೂಪ, ಹಳೆಯ ಪುಸ್ತಕಗಳ ಸುದ್ದಿಯೇ ಎಲ್ಲ. ಮಂಗಳೂರಿನವರ ಮಗಳು ಬಿಸ್ಕೆಟ್ ಡಬ್ಬಿ ಸಮೇತ ನನ್ನ ಕೈಗಿಟ್ಟರು. ಧೂಳು ತೆಗೆದದ್ದು, ತುಕ್ಕು ಹಿಡಿದ ಪಿನ್ನು ಬಿಡಿಸಿದ್ದು, ಮಡಿಕೆ ನೇರ ಮಾಡಿದ್ದು ಎಲ್ಲ ಹಿಂದಿನ ಕಂತಿನ ಕಥೆ.

ತಲೆ ತಿಂದದ್ದು ಒಂದೇ ಪತ್ರ. ಉಡುಪಿಯವರು ಅದರಲ್ಲಿ ಹಾರ್ವೆ ಕುಶಿಂಗ್ ಬಗ್ಗೆ ಬರೆದಿದ್ದಾರೆ. ಮೆದುಳಿನ ಶಸ್ತ್ರಚಿಕಿತ್ಸೆಯ ಪಾಠದಲ್ಲಿ ನಾವು ವೈದ್ಯರು ಓದಿದ, ಅಮೆರಿಕದ ಅದೇ ಶಸ್ತ್ರವೈದ್ಯ ಕುಶಿಂಗ್. ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ ಅವರ ಜೀವನಚರಿತ್ರೆ ಬರೆದು 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದವರು. ಸ್ವಿಟ್ಜರ್ಲೆಂಡಿನ ನ್ಯೋನ್‌ನಲ್ಲಿದ್ದ ವೈದ್ಯ ಆರ್ನಲ್ಡ್ ಕ್ಲೆಬ್ಸ್, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಫುಲ್ಟನ್ ಮತ್ತು ಕುಶಿಂಗ್, ಈ ಮೂವರೂ ತಮ್ಮ ಪುಸ್ತಕಗಳನ್ನೆಲ್ಲ ಒಂದೇ ಕಡೆ ಸೇರಿಸುವುದೆಂದು ಒಪ್ಪಿಕೊಂಡರು. 1939ರಲ್ಲಿ ಕುಶಿಂಗ್ ತೀರಿಕೊಂಡರು. ಯೇಲ್‌ನಲ್ಲಿ ಆ ಗ್ರಂಥಾಲಯ 1941ರಲ್ಲಿ ತೆರೆಯಿತು. (ಮೂತ್ರದ ಕಲ್ಚರ್ ವರದಿಯಲ್ಲಿ ನಾವು ದಿನಾ ಕಾಣುವ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಹೆಸರಿನಲ್ಲಿರುವ ಎಡ್ವಿನ್ ಕ್ಲೆಬ್ಸ್, ಈ ಆರ್ನಲ್ಡರ ತಂದೆ.) ಇಷ್ಟು ಹೇಳಿ ಉಡುಪಿಯವರು ಕೇಳುತ್ತಾರೆ: ನಮ್ಮಿಬ್ಬರ ಕಪಾಟೂ ಒಂದಾದರೆ ಹೇಗೆ? ಪಕ್ಕದ ಅಂಚಿನಲ್ಲಿ ಮಂಗಳೂರಿನವರು ಉತ್ತರದ ಕರಡು ಗೀಚಿದ್ದಾರೆ: ಗೆದ್ದಲು ಯಾರ ಮನೆಯಲ್ಲಿ ಕಡಿಮೆ?

ಹರಿದದ್ದು ಸರಿಯಾಗಿ ಅಲ್ಲೇ, ಮಡಿಕೆಯ ಗೆರೆಯಲ್ಲಿ. ಪ್ರಶ್ನೆ ತೊಳೆದರೆ ಹೋಗುವ ರಾಯಲ್ ಬ್ಲೂ ಶಾಯಿಯಲ್ಲಿದೆ, ಅಂಟಿನ ನೀರು ತಾಗಿದರೆ ಕಥೆ ಮುಗಿಯಿತು. ಉತ್ತರ ಬಾಲ್‌ಪೆನ್ನಿನದು, ಸ್ಪಿರಿಟ್ ತಾಗಿದರೆ ಗುಲಾಬಿ ಮೋಡ. ಆದ್ದರಿಂದ ಸ್ಪಿರಿಟ್‌ನಲ್ಲಿ ಕರಗುವ ಅಂಟೂ ಇಲ್ಲಿ ನಡೆಯದು. ಬಿಸಿ ಇಸ್ತ್ರಿಯಿಂದ ಕೂರಿಸುವ ಟಿಶ್ಯೂ (ದುರಸ್ತಿಯ ತೆಳು ಕಾಗದ) ಇದೆಯಲ್ಲ ಎನ್ನುತ್ತೀರಿ. ಹಿಂದೆ ಯಾರೋ ಪುಣ್ಯಾತ್ಮರು ಹಚ್ಚಿದ ಸೆಲೋಟೇಪಿನ ಅಂಟು ಕಾಗದದ ಒಳಗೇ ಇಳಿದಿದೆ. ಬಿಸಿ ಮಾಡಿದರೆ ಅದೂ ಕರಗಿ ಹರಿಯಲು ಹೊರಡುತ್ತದೆ. ಅಂಚಿನ ಬರಹ ಪತ್ರವಲ್ಲ, ಅದು ಹೋದರೆ ಹೋಗಲಿ ಎಂದು ಒಬ್ಬ ಗೆಳೆಯ ಸಲಹೆ ಕೊಟ್ಟ. ಎರಡು ದಿನ ಅವನ ಫೋನ್ ತೆಗೆಯಲಿಲ್ಲ.

ಸೆಲೋಟೇಪಿನ ಮೇಲಿನ ಪದರ ತಾನಾಗಿಯೇ ಎದ್ದು ಬಂತು. ಉಳಿದ ಅಂಟನ್ನು ಉಜ್ಜಿ ತೆಗೆಯುವ ಕ್ರೇಪ್ ರಬ್ಬರಿಗೆ ಆನ್‌ಲೈನ್ ಅಂಗಡಿಗಳು ಹೇಳುವ ಬೆಲೆ ಕೇಳಿದರೆ ರಕ್ತದೊತ್ತಡ ಏರುತ್ತದೆ. ಬೆಳ್ತಂಗಡಿಯ ಸಂಬಂಧಿಕರ ತೋಟದಿಂದ ಹೊಗೆಗೂಡಿಗೆ ಹೋಗದ ರಬ್ಬರ್ ಶೀಟಿನ ತುಂಡು ತರಿಸಿದೆ. ವಾಸನೆಯೊಂದನ್ನು ಬಿಟ್ಟರೆ ಕೆಲಸದಲ್ಲಿ ಕೊರತೆಯಿಲ್ಲ. ಹಳದಿ ಕಲೆ ಹಾಗೇ ಉಳಿಯಿತು. ಇರಲಿ, ಅದನ್ನು ತೆಗೆಯುವ ದ್ರಾವಕಗಳು ಬಾಲ್‌ಪೆನ್ನನ್ನೂ ಬಿಡುವುದಿಲ್ಲ.

ಮೈದಾ ಅಂಟನ್ನು ನಾನು ಮಳೆಗಾಲದಲ್ಲಿ ಮುಟ್ಟುವುದಿಲ್ಲ. ಒಣಗುವ ಮೊದಲೇ ಬೂಸಲು ಬರುತ್ತದೆ. ಅದರ ಬದಲು ನೀರಿನಲ್ಲಿ ಕಲಸಿದರೆ ಅಂಟಾಗುವ ಮೀಥೈಲ್ ಸೆಲ್ಯುಲೋಸ್ ಪುಡಿ ತರಿಸಿದೆ. ಬಂದ ಪುಡಿ ತಣ್ಣೀರಿನಲ್ಲೂ ಬಿಸಿನೀರಿನಲ್ಲೂ ಸಲೀಸಾಗಿ ಕರಗಿತು. ಅಲ್ಲೇ ಸಂಶಯ ಹುಟ್ಟಿತು. ಅಸಲಿ ಮೀಥೈಲ್ ಸೆಲ್ಯುಲೋಸ್ ಕರಗುವುದು ತಣ್ಣೀರಿನಲ್ಲಿ. ದ್ರಾವಣವನ್ನು ಬಿಸಿ ಮಾಡಿದರೆ ಹಲ್ವದ ಹಾಗೆ ಗಟ್ಟಿಯಾಗಿ, ಆರಿದ ಮೇಲೆ ಮತ್ತೆ ನೀರಾಗುತ್ತದೆ. ಇದು ಬಿಸಿ ಮಾಡಿದಷ್ಟೂ ತೆಳ್ಳಗಾಯಿತು. ಕಳುಹಿಸಿದ್ದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಬೇರೆಯೇ ಪುಡಿ. ಮಾರಿದವರಿಗೆ ಫೋನ್ ಮಾಡಿದರೆ 'ಎರಡೂ ಒಂದೇ ಸರ್, ಹೆಸರು ಮಾತ್ರ ಉದ್ದ' ಎಂಬ ಉತ್ತರ. ಇದೇ ಮಹಾಶಯರು ಹಿಂದೆ ಜಪಾನಿ ಟಿಶ್ಯೂ ಎಂದು ಕರಕುಶಲ ಅಂಗಡಿಯ ರೈಸ್ ಪೇಪರ್ ಕಳುಹಿಸಿದ್ದರು. ಹರಿದಾಗ ಅಂಚಿನಲ್ಲಿ ಉದ್ದುದ್ದ ನಾರು ಎದ್ದು ನಿಲ್ಲದಿದ್ದರೆ ಅದು ಟಿಶ್ಯೂವೇ ಅಲ್ಲ.

ನನ್ನ ಗೋಳು ಕೇಳಿದ ಕಣ್ಣಿನ ಡಾಕ್ಟರರೊಬ್ಬರು, ಪೊರೆಯ ಶಸ್ತ್ರಚಿಕಿತ್ಸೆಗೆ ಬಳಸುವ ಶೇ. 2ರ ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್ (ಅದೇ ಜಾತಿಯ ಇನ್ನೊಂದು) ಸಿರಿಂಜುಗಳು ಅವಧಿ ಮುಗಿದು ಬಿದ್ದಿವೆ, ಬೇಕೇ ಎಂದರು. ಪುಣ್ಯ ಬರಲಿ! ಆದರೆ ಅದರಲ್ಲಿ ಕಣ್ಣಿಗೆ ಹೊಂದುವಂತೆ ಲವಣಗಳಿರುತ್ತವೆ, ಕಾಗದಕ್ಕೆ ಅವು ಬೇಡ. ಅಂತೂ ಬೇರೆ ಕಡೆಯಿಂದ ಅಸಲಿ ಪುಡಿ ಬಂತು.

ಈಗ ಮುಖ್ಯ ವಿಷಯ. ನೀರೋ ಸ್ಪಿರಿಟ್ಟೋ ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡದ್ದೇ ದಂಡ; ಕೇಳಬೇಕಾದದ್ದು ನೀರು ಎಷ್ಟು ಎಂದು. ಶೇ. 2.5ರ ದ್ರಾವಣವನ್ನು ಪಾಲಿಯೆಸ್ಟರ್ ಹಾಳೆಗೆ ಸವರಿ, ಮೇಲೆ ಟಿಶ್ಯೂ ಹಾಸಿ, ಪೂರ್ತಿ ಒಣಗಲು ಬಿಡಿ. ಪಾಲಿಯೆಸ್ಟರ್‌ಗಾಗಿ ದುಡ್ಡು ಸುರಿಯಬೇಡಿ: ಹಳೆಯ ಎಕ್ಸ್‌ರೇ ಫಿಲ್ಮನ್ನು ಬ್ಲೀಚ್ ನೀರಿನಲ್ಲಿ ನೆನೆಸಿ ಕಪ್ಪು ಪದರ ತೊಳೆದರೆ ಒಳ್ಳೆಯ ನೀಲಿ ಹಾಳೆ ಸಿಗುತ್ತದೆ. ಒಣಗಿದ ಟಿಶ್ಯೂವಿನಿಂದ ಗೋಧಿ ಕಾಳಿನಷ್ಟು ಅಗಲದ ಪಟ್ಟಿ ಕತ್ತರಿಸಿ. ಒದ್ದೆ ಬ್ಲಾಟಿಂಗ್ ಪೇಪರ್ ಮೇಲೆ ಒಣ ಫಿಲ್ಟರ್ ಪೇಪರ್ ಇಟ್ಟು, ತೇವ ಮೇಲಕ್ಕೆ ಏರಿದ ಕೂಡಲೇ ಪಟ್ಟಿಯ ಅಂಟಿನ ಬದಿಯನ್ನು ಅದಕ್ಕೊಮ್ಮೆ ತಾಗಿಸಿ. ಬೆರಳಿಗೆ ಅಂಟಬೇಕು, ಒದ್ದೆ ಎನಿಸಬಾರದು. ಹರಿದ ಜಾಗಕ್ಕೆ ಹಿಂಬದಿಯಿಂದ ಇಟ್ಟು, ಒಣ ಬ್ಲಾಟಿಂಗ್ ಒತ್ತಿ, ಮೇಲೆ ಭಾರ. ಭಾರಕ್ಕೆ ನಾನು ಇಟ್ಟದ್ದು ಔಷಧಶಾಸ್ತ್ರದ ದಪ್ಪ ಪಠ್ಯ; ಅದಕ್ಕೂ ಬೇರೆ ಉಪಯೋಗವಿರಲಿಲ್ಲ.

ಬ್ಲಾಟಿಂಗ್‌ಗೆ ನೀಲಿ ಚುಕ್ಕೆಯೂ ಹತ್ತಲಿಲ್ಲ.

ಇದೇ ಕಟ್ಟಿನಿಂದ ಮುಂದಿನ ಹುಚ್ಚೂ ಹುಟ್ಟಿದೆ. ಉಡುಪಿಯವರು ಮಲಬಾರಿನ ಗಿಡಗಳ ಹಳೆಯ ಗ್ರಂಥ ಹೋರ್ಟಸ್ ಮಲಬಾರಿಕಸ್ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ: 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮ್‌ನಲ್ಲಿ ಅಚ್ಚಾದ 12 ಸಂಪುಟಗಳು. ಅದಕ್ಕೆ ಗಿಡಮೂಲಿಕೆಗಳ ವಿವರ ಕೊಟ್ಟವರಲ್ಲಿ ಕೊಚ್ಚಿಯ ಕೊಂಕಣಿ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಇದ್ದರು. 1675ರಲ್ಲಿ ಅವರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಮೊದಲ ಸಂಪುಟದಲ್ಲೇ ಇದೆ. ಅದನ್ನು ಒಳ್ಳೆಯ ಕಾಗದದಲ್ಲಿ ಅಚ್ಚು ಮಾಡಿಸಿ, ಮಡಿಕೆ ಪುಸ್ತಕವಾಗಿ ಕಟ್ಟುವ ಆಸೆ. ಮಂಗಳೂರಿನಲ್ಲಿ ಅದನ್ನು ಓದಬಲ್ಲವರಿಗೆ ಬರವಿಲ್ಲ. ರಟ್ಟಿಗೆ ಖಾದಿ ಬಟ್ಟೆಯೋ ಕೈಮಗ್ಗದ ಉಡುಪಿ ಸೀರೆಯ ತುಂಡೋ ಎಂಬುದು ತೀರ್ಮಾನವಾಗಿಲ್ಲ. ಸೀರೆ ಎಂದ ಕೂಡಲೇ ಮನೆಯವರು ಕಪಾಟಿಗೆ ಬೀಗ ಹಾಕಿದ್ದಾರೆ.

ಅದಕ್ಕೆ ಮೊದಲು ಡಬ್ಬಿಯ ಅಡಿಯ ಪತ್ರಗಳಿವೆ. ಬಿಡಿಸಿ ನೋಡಿದೆ: ಉಡುಪಿಯವರು ಆ ವರ್ಷ ಹಸಿರು ಶಾಯಿಗೆ ಬದಲಾಗಿದ್ದಾರೆ. ಹಸಿರಿನ ಮೇಲೆ ಈ ಪಟ್ಟಿ ಹಾಕಿ ನೋಡಿದವರಿದ್ದರೆ, ಪೆನ್ನಿನ ತುದಿಯಷ್ಟು ಜಾಗದಲ್ಲಿ ನೀರು ತಾಗಿಸಿದಾಗ ಏನಾಯಿತೆಂದು ದಯವಿಟ್ಟು ತಿಳಿಸಿ. ನಾನು ಅಂಚೆ ಮೊಹರಿನ ಬಳಿಯ ಒಂದು ಅಲ್ಪವಿರಾಮದಿಂದ ಶುರು ಮಾಡುವವನಿದ್ದೇನೆ.