ಶಿರಸಿಯಿಂದ ಕಾರವಾರಕ್ಕೆ ವ್ಯಾನಿನಲ್ಲಿ: ಎರಡನೇ ಬ್ಯಾಟರಿ ತುಂಬಲಿಲ್ಲ ಯಾಕೆ?

ಶಿರಸಿಯಲ್ಲಿ ಎರಡು ರಾತ್ರಿ ಇದ್ದು, ದೇವಿಮನೆ ಘಾಟಿ ಇಳಿದು ಕುಮಟಾ, ಗೋಕರ್ಣ, ಕೊನೆಗೆ ಕಾರವಾರ. ವ್ಯಾನಿನ ಹಿಂದೆ ಹಾಸಿಗೆ, ಫ್ಯಾನು, ಪುಟ್ಟ ಫ್ರಿಜ್. ಇವಕ್ಕೆಂದೇ ಬೇರೆ 100 ಆಂಪಿಯರ್-ಅವರ್ ಲೆಡ್ ಬ್ಯಾಟರಿ. ಗಾಡಿ ಓಡಿದರೆ ಆಲ್ಟರ್ನೇಟರ್ (ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಯಂತ್ರ) ಅದನ್ನೂ ತುಂಬುತ್ತದೆ ಅಂತ ಆರಾಮಾಗಿದ್ದೆ. ಗೋಕರ್ಣದಲ್ಲಿ ರಾತ್ರಿ ಫ್ರಿಜ್ ನಿಂತಿತು. ಕುಮಟಾದಲ್ಲಿ ಕೊಂಡ ಬಂಗಡೆ ಬೆಳಿಗ್ಗೆ ಹೇಗಿತ್ತು ಅಂತ ಕೇಳಬೇಡಿ.

ಬ್ಯಾಟರಿಯೇ ಹೋಗಿದೆ ಅಂದುಕೊಂಡೆ. ಅಂಕೋಲಾದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಸುಮ್ಮನೆ ಮಲ್ಟಿಮೀಟರ್ ಹಿಡಿದರು. ಎಂಜಿನ್ ಚಾಲೂ ಇದ್ದಾಗ ಮುಂದಿನ ಬ್ಯಾಟರಿಯಲ್ಲಿ 14.2 ವೋಲ್ಟ್, ಹಿಂದಿನದರಲ್ಲಿ 13.1. ಒಂದು ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಮಾಯ! 14ರ ಮೇಲೆ ಸಿಗದೆ ಲೆಡ್ ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ. ದುಡ್ಡು ಉಳಿಸಲು ನಾನೇ ಎಳೆಸಿದ್ದ 4 ಸ್ಕ್ವೇರ್ ಎಂಎಂ ವೈರ್ ಒಂದು ಕಾರಣ. ಅರ್ತ್ ಲಗ್ಗನ್ನು, ಅಂದರೆ ಗಾಡಿಯ ಬಾಡಿಗೆ ಬಿಗಿಯುವ ನೆಗೆಟಿವ್ ವೈರಿನ ತುದಿಯ ಲೋಹದ ಬಳೆಯನ್ನು, ಪೇಂಟ್ ಮೇಲೆಯೇ ಬಿಗಿದಿದ್ದರು, ಅದಕ್ಕೆ ಹಸಿರು ಕಿಲುಬು ಬೇರೆ. ಕಡಲ ಗಾಳಿ ಅಲ್ವಾ.

25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿಸಿದೆ. ಐದು ಮೀಟರ್ ಉದ್ದಕ್ಕೆ 30 ಆಂಪಿಯರ್ ಹರಿದರೂ ಸುಮಾರು 0.1 ವೋಲ್ಟ್ ಮಾತ್ರ ನಷ್ಟ. ಎರಡೂ ಬ್ಯಾಟರಿಗಳ ಹತ್ತಿರ ಒಂದೊಂದು ಫ್ಯೂಸ್ ಇರಲೇಬೇಕು, ಇದರಲ್ಲಿ ಜಿಪುಣತನ ಬೇಡ. ಅರ್ತ್ ಜಾಗದ ಪೇಂಟ್ ಕೆರೆದು, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ.

ನಮ್ಮದು ಹಳೇ ಗಾಡಿ, ಎಂಜಿನ್ ಓಡುವಾಗ ಎರಡೂ ಬ್ಯಾಟರಿಗಳನ್ನು ಜೋಡಿಸುವ ಸ್ವಿಚ್ಚು, ಅಂದರೆ ರಿಲೇ ಸಾಕಾಯಿತು. ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಹಲವು, ಮುಂದಿನ ಬ್ಯಾಟರಿ ತುಂಬಿದ ಕೂಡಲೇ ವೋಲ್ಟೇಜ್ ಇಳಿಸಿಬಿಡುತ್ತವೆ. ಅಂಥವಕ್ಕೆ ವೋಲ್ಟೇಜ್ ಬೇಕಾದಷ್ಟಕ್ಕೆ ಏರಿಸಿ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಬೇಕು. ಲಿಥಿಯಂ ಬ್ಯಾಟರಿ ಹಾಕುವವರಿಗೂ ಅದೇ, ಯಾಕೆಂದರೆ ಅದು ಸಿಕ್ಕಷ್ಟು ಕರೆಂಟ್ ಎಳೆದು ಆಲ್ಟರ್ನೇಟರನ್ನು ಕಾಯಿಸುತ್ತದೆ. ನಿಂತಲ್ಲೇ ಎಂಜಿನ್ ಉರಿಸಿದರೆ ಇನ್ನೂ ಕಷ್ಟ, ಆಲ್ಟರ್ನೇಟರನ್ನು ತಣಿಸುವ ಫ್ಯಾನ್ ನಿಧಾನ ತಿರುಗುತ್ತದೆ.

ಸೋಲಾರ್ ಇದೆ ಅಂತ ಧೈರ್ಯ ಬೇಡ. ಶಿರಸಿ ಕಡೆ ಅಡಿಕೆ ತೋಟದ ನೆರಳಲ್ಲಿ ನಿಲ್ಲಿಸಿದ್ದಾಗ ಪ್ಯಾನೆಲ್ ಇದ್ದೂ ಇಲ್ಲದಂತೆ. ಮಳೆಗಾಲದಲ್ಲಂತೂ ಕೇಳಲೇಬೇಡಿ.

ಇನ್ನೊಂದು ಮಾತು. ಕರಾವಳಿಯಲ್ಲಿ ಊರಿಂದೂರಿಗೆ ದಾರಿ ಚಿಕ್ಕದು. ಅಂಕೋಲಾದಿಂದ ಕಾರವಾರ ಹೆಚ್ಚೆಂದರೆ ಒಂದು ಗಂಟೆ. ಎಷ್ಟು ದಪ್ಪ ಕೇಬಲ್ ಇದ್ದರೂ ಅಷ್ಟರಲ್ಲಿ ಖಾಲಿ ಬ್ಯಾಟರಿ ತುಂಬುವುದಿಲ್ಲ. ಕಾರವಾರದಲ್ಲಿ ಹೋಂಸ್ಟೇಯವರನ್ನು ಕೇಳಿ ರಾತ್ರಿಯಿಡೀ ಪ್ಲಗ್ಗಿಗೆ ಚಾರ್ಜರ್ ಹಾಕಿದೆವು. ಮೀನು ಮಾತ್ರ ಹೋಟೆಲಿನಲ್ಲೇ ತಿಂದೆವು.