"ಐದು ವರ್ಷ ಮಿಲಿಟರಿಯವರಿಗೆ ಕೊಟ್ರೆ ದೇಶ ಸರಿಹೋಗಲ್ವಾ?" ಅಂತ ಕೇಳೋರಿಗೆ

ನಮ್ಮಪ್ಪ ಸೈನ್ಯದಲ್ಲಿದ್ದೋರು, ನಾನು ಕಾಲೇಜಲ್ಲಿ ಇತಿಹಾಸ ಹೇಳಿಕೊಡೋನು. ಅದಕ್ಕೋ ಏನೋ, ಮದುವೆಮನೆ ಊಟದ ಪಂಕ್ತಿಯಲ್ಲಿ ಕೂತ್ರೂ ಈ ಪ್ರಶ್ನೆ ಬರುತ್ತೆ, ಬಸ್ಸಲ್ಲಿ ಪಕ್ಕ ಕೂತೋರೂ ಕೇಳ್ತಾರೆ. ಹೋದ ತಿಂಗಳು ಚಿಕ್ಕಪ್ಪನ ಜೊತೆ ಪಹಣಿ ತಿದ್ದುಪಡಿಗೆ ಅಂತ ಒಂದು ಆಫೀಸಿಗೆ ಮೂರನೇ ಸಲ ಹೋಗಿದ್ದೆ, ಸಾಹೇಬ್ರು ಸೀಟಲ್ಲಿಲ್ಲ, ಸೋಮವಾರ ಬನ್ನಿ ಅಂದ್ರು. ಚಿಕ್ಕಪ್ಪ ಪ್ಲಾಸ್ಟಿಕ್ ಕವರಲ್ಲಿದ್ದ ಕಾಗದಗಳನ್ನ ಮತ್ತೆ ಮಡಚಿಟ್ಟು, "ನೋಡೋ, ಒಂದೈದು ವರ್ಷ ಮಿಲಿಟರಿ ಬಂದ್ರೆ ಇವರೆಲ್ಲ ನೆಟ್ಟಗಾಗ್ತಾರೆ" ಅಂದ್ರು. ಎಪ್ಪತ್ತು ದಾಟಿದ ಮನುಷ್ಯ ಮೂರು ಸಲ ಬಸ್ಸು ಹತ್ತಿ ಬಂದ ಮೇಲೆ ಆ ಸಿಟ್ಟು ಬರದೇ ಇರುತ್ತಾ. ಆದ್ರೂ ನನ್ನ ಉತ್ತರ ಬೇಡ ಅಂತಾನೇ. ಯಾಕೆ ಅಂತ ಹೇಳೋಕೆ ನಾನು ಪ್ರತಿ ಸಲ ಒಬ್ಬರ ಕಥೆ ಹೇಳ್ತೀನಿ, ಪಾಕಿಸ್ತಾನದ ಅಯೂಬ್ ಖಾನ್ ಕಥೆ.

ಅಯೂಬ್ ಹುಟ್ಟಿದ್ದು 1907ರಲ್ಲಿ, ಹಜಾರಾ ಸೀಮೆಯ ರೆಹಾನಾ ಅನ್ನೋ ಹಳ್ಳಿಲಿ. ಅಪ್ಪ ಬ್ರಿಟಿಷರ ಕುದುರೆ ಸೈನ್ಯದಲ್ಲಿ ರಿಸಾಲ್ದಾರ್ ಮೇಜರ್ ಅನ್ನೋ ಹುದ್ದೆಲಿದ್ದೋರು. ಹುಡುಗ ಅಲಿಗಢದಲ್ಲಿ ಓದ್ತಿದ್ದಾಗಲೇ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಗೆ ಆಯ್ಕೆಯಾಗಿ 1928ರಲ್ಲಿ ಆಫೀಸರ್ ಆದ, ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದ. ಸ್ವಾತಂತ್ರ್ಯಕ್ಕೆ ಮುಂಚೆ ವಾಯವ್ಯ ಗಡಿಯಲ್ಲಿ ಅವರ ಮೇಲಧಿಕಾರಿ ಆಗಿದ್ದೋರು ಯಾರು ಗೊತ್ತಾ, ನಮ್ಮ ಕೊಡಗಿನ ಕೊಡಂದೇರ ಕಾರ್ಯಪ್ಪ. ದೇಶ ಒಡೆದ ಮೇಲೆ ಕಾರ್ಯಪ್ಪ 1949ರ ಜನವರಿ 15ಕ್ಕೆ ಭಾರತ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಆದ್ರು, ಅಯೂಬ್ 1951ರ ಜನವರಿಯಲ್ಲಿ ಪಾಕಿಸ್ತಾನದ ಸೇನೆಗೆ ಮುಖ್ಯಸ್ಥ ಆದ್ರು. ಇಬ್ಬರೂ ಒಂದೇ ಗರಡಿಯಲ್ಲಿ ಪಳಗಿದೋರು, ಇದನ್ನ ನೆನಪಲ್ಲಿಟ್ಕೊಳ್ಳಿ.

ಪಾಕಿಸ್ತಾನದಲ್ಲಿ ಹನ್ನೊಂದು ವರ್ಷಕ್ಕೆ ಏಳು ಪ್ರಧಾನಿಗಳು ಬಂದು ಹೋಗಿದ್ರು, ಜನ ಬೇಸತ್ತು ಹೋಗಿದ್ರು. 1958ರ ಅಕ್ಟೋಬರ್ 7ಕ್ಕೆ ರಾಷ್ಟ್ರಪತಿ ಇಸ್ಕಂದರ್ ಮಿರ್ಜಾ ಸಂವಿಧಾನ ರದ್ದು ಮಾಡಿ, ಮಿಲಿಟರಿ ಆಡಳಿತ ಹೇರಿ, ಅದನ್ನ ನಡೆಸೋಕೆ ಅಯೂಬರನ್ನ ಕೂರಿಸಿದ್ರು. ಇಪ್ಪತ್ತು ದಿನ ಅಷ್ಟೇ, ಅಕ್ಟೋಬರ್ 27ರ ರಾತ್ರಿ ಆ ಮಿರ್ಜಾರನ್ನೇ ಇಳಿಸಿ ದೇಶದಿಂದ ಹೊರಗೆ ಕಳಿಸಿ ಅಯೂಬ್ ತಾವೇ ರಾಷ್ಟ್ರಪತಿ ಆದ್ರು. ಅದೇ ದಿನ ಅಲ್ಲಿನ ಸುಪ್ರೀಂ ಕೋರ್ಟು, ಗೆದ್ದ ಕ್ರಾಂತಿ ತಾನಾಗೇ ಕಾನೂನುಬದ್ಧ ಅನ್ನೋ ಅರ್ಥದ ತೀರ್ಪು ಕೊಡ್ತು.

ಚಿಕ್ಕಪ್ಪನಂಥೋರಿಗೆ ಇಲ್ಲಿಂದಾಚೆ ಕಥೆ ಇಷ್ಟ ಆಗುತ್ತೆ, ಸುಳ್ಳು ಹೇಳೋಕೆ ನಂಗೂ ಮನಸ್ಸಿಲ್ಲ. ಮೊದಲ ವಾರಗಳಲ್ಲಿ ಅಂಗಡಿಯವರು ಹೆದರಿ ರೇಟು ಇಳಿಸಿದ್ರು, ಬಚ್ಚಿಟ್ಟಿದ್ದ ಮಾಲು ಹೊರಗೆ ಬಂತು, ತೆರಿಗೆ ಮುಚ್ಚಿಟ್ಟೋರು ತಾವೇ ಬಂದು ಲೆಕ್ಕ ಕೊಟ್ರು. ಜಮೀನಿಗೆ ಮಿತಿ ಹಾಕಿದ್ರು, ನೀರಾವರಿ ಇದ್ರೆ 500 ಎಕರೆ, ಇಲ್ಲದಿದ್ರೆ 1000. 1960ರಲ್ಲಿ ನೆಹರೂ ಕರಾಚಿಗೆ ಹೋಗಿ ಸಿಂಧೂ ನದಿ ಒಪ್ಪಂದಕ್ಕೆ ಸಹಿ ಹಾಕಿದ್ದು ಅಯೂಬರ ಜೊತೆಗೇ. 1961ರ ಕುಟುಂಬ ಕಾನೂನು ಗಂಡಸು ಮನಸ್ಸಿಗೆ ಬಂದಹಾಗೆ ಎರಡನೇ ಮದುವೆ ಆಗೋದಕ್ಕೆ ಕಡಿವಾಣ ಹಾಕ್ತು, ಮೌಲವಿಗಳು ಎಷ್ಟು ವಿರೋಧ ಮಾಡಿದ್ರೂ ಹಿಂದೆ ತಗೊಳ್ಳಲಿಲ್ಲ. ಇಸ್ಲಾಮಾಬಾದ್ ಅನ್ನೋ ಹೊಸ ರಾಜಧಾನಿ ಎದ್ದಿದ್ದೂ ಇವರ ಕಾಲದಲ್ಲೇ. ಕೆಲಸಗಾರ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಜನ ಬೇಡ ಅಂದ್ರೆ ಏನು ಮಾಡೋದು ಅನ್ನೋ ಪ್ರಶ್ನೆಗೆ ಅವರ ಹತ್ರ ಉತ್ತರ ಇರಲಿಲ್ಲ. ಬ್ಯಾರಕ್ಕಿನಲ್ಲಿ ಆ ಪ್ರಶ್ನೆನೇ ಏಳಲ್ಲ, ಅಲ್ಲಿ ಆರ್ಡರ್ ಅಂದ್ರೆ ಆರ್ಡರ್, ಯುದ್ಧಕ್ಕೆ ಅದು ಬೇಕು ಕೂಡ. ಹಳೇ ರಾಜಕಾರಣಿಗಳನ್ನ ವರ್ಷಗಟ್ಟಲೆ ಚುನಾವಣೆಯಿಂದ ದೂರ ಇಟ್ರು, ಬೈದು ಬರೀತಿದ್ದ ಪೇಪರುಗಳನ್ನ ಸರ್ಕಾರ ವಶಕ್ಕೆ ತಗೊಂಡ್ತು, 1959ರಲ್ಲಿ ತಾವೇ ಸೈನ್ಯದ ಅತಿ ದೊಡ್ಡ ಪದವಿಯಾದ ಫೀಲ್ಡ್ ಮಾರ್ಷಲ್ ಆದ್ರು. ಜನ ನೇರವಾಗಿ ರಾಷ್ಟ್ರಪತಿಗೆ ಓಟು ಹಾಕೋ ಹಾಗಿರಲಿಲ್ಲ, ಊರುಕೇರಿಗಳಿಂದ ಆರಿಸಿದ 80,000 ಮಂದಿ ಮಾತ್ರ ಹಾಕ್ತಿದ್ರು, ಪೂರ್ವ ಪಾಕಿಸ್ತಾನಕ್ಕೆ (ಈಗಿನ ಬಾಂಗ್ಲಾದೇಶ) ನಲವತ್ತು ಸಾವಿರ, ಪಶ್ಚಿಮಕ್ಕೆ ನಲವತ್ತು ಸಾವಿರ. ಇಷ್ಟು ಮಂದಿನ ಹೆದರಿಸಿ ಓಲೈಸಿ ಇಟ್ಕೊಳ್ಳೋದು ಸರ್ಕಾರಿ ಅಧಿಕಾರಿಗಳಿಗೆ ಎಷ್ಟರ ಕೆಲಸ. 1965ರ ಜನವರಿ ಚುನಾವಣೆಲಿ ಜಿನ್ನಾರ ತಂಗಿ ಫಾತಿಮಾ ಎದುರಿಗೆ ನಿಂತ್ರು, ಎಪ್ಪತ್ತು ದಾಟಿದ ಹೆಣ್ಣುಮಗಳು. ಕರಾಚಿ, ಢಾಕಾ ಎರಡೂ ಕಡೆ ಅಯೂಬ್ ಸೋತ್ರು, ಒಟ್ಟು ಲೆಕ್ಕದಲ್ಲಿ ಗೆದ್ರು.

ಅದೇ ವರ್ಷ ಕಾಶ್ಮೀರಕ್ಕೆ ಗುಟ್ಟಾಗಿ ಜನರನ್ನ ನುಗ್ಗಿಸಿದ್ರು, ಅದು ಯುದ್ಧಕ್ಕೆ ತಿರುಗ್ತು. ಸೆಪ್ಟೆಂಬರ್ 22ಕ್ಕೆ, ಯುದ್ಧ ಇನ್ನೇನು ನಿಲ್ಲುತ್ತೆ ಅನ್ನೋವಾಗ, ನಮ್ಮ ಒಂದು ಹಂಟರ್ ವಿಮಾನ ಉರುಳ್ತು, ಪೈಲಟ್ ಸೆರೆಸಿಕ್ಕ. ಆತ ಕಾರ್ಯಪ್ಪನವರ ಮಗ ನಂದಾ. ಅಯೂಬರಿಗೆ ಗೊತ್ತಾದ ಕೂಡಲೇ ಹಳೇ ಸಾಹೇಬ್ರಿಗೆ ಸುದ್ದಿ ಮುಟ್ಟಿಸಿದ್ರು, ಬೇಕಾದ್ರೆ ಮಗನ್ನ ಬಿಟ್ಟು ಕಳಿಸ್ತೀವಿ ಅಂತ. ಕಾರ್ಯಪ್ಪ ಒಪ್ಪಲಿಲ್ಲ, ಸೆರೆಯಲ್ಲಿರೋ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡ್ಕೊಳ್ಳಿ ಅಂತ ಹೇಳಿ ಕಳಿಸಿದ್ರು. ಆಮೇಲೆ ಅಯೂಬರ ಹೆಂಡತಿ ನಂದಾರನ್ನ ನೋಡೋಕೆ ಹೋಗಿದ್ರಂತೆ, ಸಿಗರೇಟು, ಓದೋಕೆ ಒಂದು ಕಾದಂಬರಿ ತಗೊಂಡು. ಪಾಠದಲ್ಲಿ ಇದನ್ನ ಹೇಳೋವಾಗ ನಂಗೆ ಪ್ರತಿ ಸಲ ಗಂಟಲು ಕಟ್ಟುತ್ತೆ. ಅಯೂಬ್ ಕೆಟ್ಟ ಮನುಷ್ಯ ಆಗಿರಲಿಲ್ಲ, ಅದಕ್ಕೇ ನಾನು ಅವರ ಕಥೆನೇ ಆರಿಸ್ಕೊಳ್ಳೋದು. ಒಳ್ಳೇ ಸೈನಿಕನೇ ಆಳಿದ್ರೂ ಏನಾಗುತ್ತೆ ಅಂತ ನೋಡಬೇಕಲ್ಲ.

1968ರಲ್ಲಿ ಅಭಿವೃದ್ಧಿಯ ದಶಕ ಅಂತ ಸರ್ಕಾರ ದೊಡ್ಡ ಸಂಭ್ರಮ ಮಾಡ್ತು. ಅದೇ ವರ್ಷ ಅವರದೇ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್, ದೇಶದ ಉದ್ಯಮದ ಬಹುಪಾಲು 22 ಕುಟುಂಬಗಳ ಕೈಲಿದೆ ಅಂತ ಎತ್ತಿ ಹೇಳಿದ್ರು. ಸಕ್ಕರೆ ಬೆಲೆ ಏರಿತ್ತು, ವಿದ್ಯಾರ್ಥಿಗಳು ಬೀದಿಗೆ ಇಳಿದ್ರು. ಪೂರ್ವದ ಬಂಗಾಳಿಗಳಿಗಂತೂ ಸೆಣಬು ಮಾರಿದ ದುಡ್ಡು ನಮ್ಮದು, ಅಧಿಕಾರ ಅವರದು ಅನ್ನೋ ನೋವು ಎಷ್ಟೋ ವರ್ಷದ್ದು, ಅದನ್ನ ಹೇಳಿದ ಅಲ್ಲಿನ ನಾಯಕ ಶೇಖ್ ಮುಜೀಬರ ಮೇಲೆ ದೇಶದ್ರೋಹದ ಕೇಸು ಹಾಕಿ ಕೊನೆಗೆ ವಾಪಸ್ ತಗೊಳ್ಳಬೇಕಾಯ್ತು.

1969ರ ಮಾರ್ಚ್ 25ಕ್ಕೆ ಅಯೂಬ್ ಇಳಿದ್ರು. ಅವರೇ 1962ರಲ್ಲಿ ಕೊಟ್ಟ ಸಂವಿಧಾನ ಇತ್ತು, ರಾಷ್ಟ್ರಪತಿ ಹೋದ್ರೆ ಸಂಸತ್ತಿನ ಸ್ಪೀಕರ್ ಆ ಜಾಗಕ್ಕೆ ಬರಬೇಕು ಅಂತ ಅದರಲ್ಲಿ ಬರೆದಿತ್ತು, ಸ್ಪೀಕರ್ ಪೂರ್ವ ಬಂಗಾಳದವರು. ಅಯೂಬ್ ಅವರಿಗೆ ಕೊಡಲಿಲ್ಲ, ಸೇನಾ ಮುಖ್ಯಸ್ಥ ಯಾಹ್ಯಾ ಖಾನ್ ಕೈಗೆ ಕೊಟ್ರು. ಹತ್ತು ವರ್ಷಕ್ಕೂ ಹೆಚ್ಚು ಆಳಿದೋರಿಗೆ ಹೊರಗೆ ಹೋಗೋಕೆ ತಾವು ಬಂದ ಬಾಗಿಲು ಬಿಟ್ಟು ಬೇರೆ ಬಾಗಿಲೇ ಕಾಣಲಿಲ್ಲ. ಯಾಹ್ಯಾ ಬಂದವರೇ ಸಂವಿಧಾನ ರದ್ದು ಮಾಡಿದ್ರು, ಸರಿಯಾಗಿ ಎರಡು ವರ್ಷಕ್ಕೆ ಢಾಕಾದಲ್ಲಿ ಸೈನ್ಯ ತನ್ನ ಜನರ ಮೇಲೇ ಗುಂಡು ಹಾರಿಸ್ತು, ದೇಶ ಎರಡಾಯ್ತು. ಅಯೂಬ್ ಅದನ್ನೆಲ್ಲ ನೋಡಿ 1974ರ ಏಪ್ರಿಲಲ್ಲಿ ತೀರ್ಕೊಂಡ್ರು.

ಚಿಕ್ಕಪ್ಪ ಇಷ್ಟೂ ಕೇಳಿ, "ಹಂಗಾದ್ರೆ ನಮ್ಮ ಕಾರ್ಯಪ್ಪ ಏನಾದ್ರು?" ಅಂದ್ರು. ಕಾರ್ಯಪ್ಪ 1953ರ ಜನವರಿಲಿ ಸಮಯಕ್ಕೆ ಸರಿಯಾಗಿ ರಿಟೈರ್ ಆದ್ರು. ರಾಜಕೀಯದ ಬಗ್ಗೆ ಅವರಿಗೂ ಖಾರವಾದ ಅಭಿಪ್ರಾಯಗಳಿದ್ವು, 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತ್ರು. ಜನ ಓಟು ಹಾಕಲಿಲ್ಲ, ಸೋತು ಮಡಿಕೇರಿಯ ತಮ್ಮ ಮನೆಗೆ ವಾಪಸ್ ಬಂದ್ರು.